ಮೊದಲು ದಿನಚರಿ, ಆಮೇಲೆ ಮಮತೆ: ದತ್ತು ಮಕ್ಕಳ ಮನೆಯಲ್ಲಿ ನನ್ನ ಅನುಭವ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು, ಇಬ್ಬರನ್ನೂ ದತ್ತು ಪಡೆದೆವು. ಮಗ ಬಂದಾಗ ಇನ್ನೂ ಕೂರಲು ಕಲಿಯದ ಕೂಸು. ಅವನು ನಾಲ್ಕು ವರ್ಷದವನಾಗಿದ್ದಾಗ ಮಗಳು ಬಂದಳು. ಅವಳಿಗೆ ಆಗ ಆರು ವರ್ಷ. ತನ್ನದೇ ನೆನಪು, ತನ್ನದೇ ಭಯ, ತನ್ನದೇ ಹಟಗಳನ್ನು ಜೊತೆಗೆ ಹೊತ್ತು ತಂದವಳು. ಮಗನ ವಿಷಯದಲ್ಲಿ ಸಲೀಸಾಗಿ ನಡೆದದ್ದು ಅವಳ ವಿಷಯದಲ್ಲಿ ನಡೆಯಲಿಲ್ಲ. ಹಾಗಾಗಿ ಇಲ್ಲಿ ಅವಳ ಮಾತೇ ಹೆಚ್ಚು ಬರುತ್ತದೆ. ಆದರೆ ನಮ್ಮ ಮನೆಗೆ ಬರುವ ಮೊದಲು ಅವಳು ಬದುಕಿದ ಬದುಕಿನ ವಿವರ ಇಲ್ಲಿಲ್ಲ. ಅದು ಅವಳ ಸ್ವತ್ತು. ನಾವು ಮನೆಯೊಳಗೆ ಏನು ಮಾಡಿದೆವು ಎಂಬುದನ್ನಷ್ಟೇ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ದತ್ತು ಪಡೆಯಲು ಹೊರಟವರು ನನ್ನನ್ನು ಮೊದಲು ಕೇಳುವುದು ಒಂದೇ: 'ಪ್ರೀತಿ ಹುಟ್ಟುತ್ತದೆಯೇ?' ಹುಟ್ಟುತ್ತದೆ. ಆದರೆ ಅದಕ್ಕಾಗಿ ಕಾಯುತ್ತಾ ಕೂರಬೇಡಿ, ದಿನಚರಿಯನ್ನು ಶುರುಮಾಡಿ ಎನ್ನುತ್ತೇನೆ. ಬೆಳಿಗ್ಗೆ ಎಬ್ಬಿಸುವವರು ಯಾರು, ಸ್ನಾನ ಯಾವಾಗ, ಮಲಗುವ ಮೊದಲು ಏನೇನು, ಯಾವ ಕ್ರಮದಲ್ಲಿ ಎಂಬುದೆಲ್ಲ ಒಂದೇ ರೀತಿ ನಡೆಯಬೇಕು. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ತಾಯಿಯ ಆರೈಕೆಯ ಕುರಿತು ಒಂದು ವರದಿ ಬರೆದರು. ತಾಯಿಯೊಂದಿಗೆ, ಇಲ್ಲವೇ ತಾಯಿಯ ಸ್ಥಾನದಲ್ಲಿ ಸ್ಥಿರವಾಗಿ ನಿಂತವರೊಬ್ಬರೊಂದಿಗೆ ಆಪ್ತವಾದ, ನಿರಂತರವಾದ ಸಂಬಂಧ ಮಗುವಿಗೆ ಬೇಕು ಎಂಬುದು ಅದರ ತಿರುಳು. ಆಪ್ತತೆ ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ. ನಿರಂತರತೆ ಇರುತ್ತದೆ. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಮಗಳ ಮೇಲೆ ಒಲವು ಉಕ್ಕಿದ ದಿನವೂ ರಾತ್ರಿ ಅದೇ ಹಾಡು, ಅದೇ ದೀಪ; ಒಳಗೆಲ್ಲ ಬರಿದಾಗಿದ್ದ ದಿನವೂ ಅದೇ ಹಾಡು, ಅದೇ ದೀಪ.

ಮೊದಲ ತಿಂಗಳುಗಳಲ್ಲಿ ಮನೆಯ ಸುತ್ತಳತೆಯನ್ನು ಚಿಕ್ಕದು ಮಾಡಿದೆವು. ಬಂಧುಗಳು ಬರಬಹುದು, ಮಾತಾಡಬಹುದು, ಆಟವಾಡಬಹುದು. ಆದರೆ ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಲಗಿಸುವುದು, ಬಿದ್ದಾಗ ಎತ್ತಿಕೊಳ್ಳುವುದು ನಾವಿಬ್ಬರೇ. ಹಿರಿಯರಿಗೆ ಇದು ನೋವುಂಟುಮಾಡಿತು. 'ಎಷ್ಟು ಚೆನ್ನಾಗಿ ಎಲ್ಲರ ಬಳಿಗೂ ಬರುತ್ತಾಳೆ, ನೀವೇ ತಡೆಯುತ್ತೀರಲ್ಲ' ಎಂದರು. ನನಗೆ ಆತಂಕವಿದ್ದದ್ದೇ ಆ ವಿಷಯದಲ್ಲಿ. ಗುರುತಿಲ್ಲದವರ ಕೈ ಹಿಡಿದು ನಗುನಗುತ್ತಾ ನಡೆದುಬಿಡುವ ಮಗು ತನ್ನವರು ಯಾರೆಂದು ಇನ್ನೂ ತಿಳಿಯದ ಮಗು. ರುಮೇನಿಯಾದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಬಂದ ಮಕ್ಕಳನ್ನು ಮೈಕೆಲ್ ರಟರ್ ಮತ್ತು ಸಂಗಡಿಗರು ವರ್ಷಗಟ್ಟಲೆ ಗಮನಿಸಿದಾಗ ಕಂಡ ತೊಂದರೆಗಳಲ್ಲಿ ಇದೂ ಒಂದು. ಆರು ತಿಂಗಳು ತುಂಬುವ ಮೊದಲೇ ಹೊಸ ಮನೆ ಸೇರಿದವರು ಬಹುಮಟ್ಟಿಗೆ ಉಳಿದ ಮಕ್ಕಳಂತೆಯೇ ಬೆಳೆದರು. ತಡವಾಗಿ ಬಂದವರಲ್ಲಿ ಕೆಲವರಿಗೆ ಕಷ್ಟಗಳು ಉಳಿದವು, ಆದರೂ ಅವರಲ್ಲಿ ಅನೇಕರು ಚೇತರಿಸಿಕೊಂಡರು. ಇದನ್ನು ಓದಿದ ಮೇಲೆ ಇಬ್ಬರು ಮಕ್ಕಳನ್ನು ಒಂದೇ ಅಳತೆಗೋಲಿನಿಂದ ಅಳೆಯುವ ಯೋಚನೆಯನ್ನೇ ಬಿಟ್ಟೆವು.

ಮಗಳು ತಿಂಡಿಯನ್ನು ಬಚ್ಚಿಡುತ್ತಿದ್ದಳು. ದಿಂಬಿನ ಕೆಳಗೆ, ಶಾಲೆಯ ಚೀಲದ ತಳದಲ್ಲಿ, ಮಡಚಿಟ್ಟ ಬಟ್ಟೆಗಳ ನಡುವೆ. ಹಸಿವನ್ನು ಕಂಡ ಮಕ್ಕಳಲ್ಲಿ, ಸಮಯಕ್ಕೆ ಊಟ ಬಂದೀತೆಂಬ ನಂಬಿಕೆ ಕಳೆದುಕೊಂಡ ಮಕ್ಕಳಲ್ಲಿ ಇದು ಸಾಮಾನ್ಯ. ಬೈಯಲಿಲ್ಲ, ಹುಡುಕಿ ಹೊರತೆಗೆದು ನಾಚಿಕೆಪಡಿಸಲೂ ಇಲ್ಲ. ಅವಳ ಕೈಗೆ ಎಟುಕುವ ಕಪಾಟಿನಲ್ಲಿ ನೀಲಿ ಮುಚ್ಚಳದ ಒಂದು ಡಬ್ಬಿ ಇಟ್ಟೆವು. ಅದು ಅವಳದು, ಯಾವಾಗ ಬೇಕಾದರೂ ತೆರೆಯಬಹುದು, ಯಾರನ್ನೂ ಕೇಳಬೇಕಾಗಿಲ್ಲ. ರಾತ್ರಿ ಮಲಗುವ ಮೊದಲು ಇಬ್ಬರೂ ಸೇರಿ ಅದನ್ನು ತುಂಬಿಸುತ್ತಿದ್ದೆವು. ಮೊದಮೊದಲು ಮಧ್ಯರಾತ್ರಿ ಮುಚ್ಚಳ ತೆರೆಯುವ ಸದ್ದು ಕೇಳುತ್ತಿತ್ತು. ತಿನ್ನುತ್ತಿರಲಿಲ್ಲ, ಇದೆಯೇ ಎಂದು ನೋಡಿ ಮುಚ್ಚುತ್ತಿದ್ದಳು. ಬರುಬರುತ್ತಾ ಸದ್ದು ಅಪರೂಪವಾಯಿತು. ಕೊನೆಗೆ ಡಬ್ಬಿಯಲ್ಲಿ ಬಣ್ಣದ ಪೆನ್ಸಿಲುಗಳು ಬಂದು ಕುಳಿತವು. ಅವಳೇ ಹಾಕಿದ್ದು.

ಇನ್ನು ನನ್ನ ಪಾಲಿನ ಕಠಿಣ ಭಾಗ. ಮಗಳು ಅಪ್ಪನ ಬೆನ್ನು ಹತ್ತಿದಳು, ನನ್ನನ್ನು ದೂರವಿಟ್ಟಳು. ನಾನು ನೀರಿನ ಲೋಟ ಕೊಟ್ಟರೆ ಕೈ ಚಾಚುತ್ತಿರಲಿಲ್ಲ. ಮೇಜಿನ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮಾತ್ರ ಎತ್ತಿಕೊಳ್ಳುತ್ತಿದ್ದಳು. ತಾಯಿ ಎಂಬ ಜಾಗದಲ್ಲಿ ಒಮ್ಮೆ ಪೆಟ್ಟು ತಿಂದ ಮಗು ಆ ಜಾಗಕ್ಕೆ ಯಾರು ಬಂದರೂ ಮೊದಲು ಹಾಗೆಯೇ ದೂರ ನಿಲ್ಲಿಸುತ್ತದೆ, ಇದು ನಿಮ್ಮ ಮೇಲಿನ ದ್ವೇಷವಲ್ಲ ಎಂದು ಆಪ್ತಸಮಾಲೋಚಕಿ ಹೇಳಿದ್ದರು. ಬುದ್ಧಿಗೆ ಅರ್ಥವಾಗುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಪ್ರತಿದಿನ ಕೊಟ್ಟದ್ದನ್ನು ಪ್ರತಿದಿನ ತಳ್ಳಿಸಿಕೊಂಡರೆ ಕೊಡುವ ಕೈಯೇ ಮರಗಟ್ಟುತ್ತದೆ. ಡ್ಯಾನ್ ಹ್ಯೂಸ್ ಮತ್ತು ಜೊನಾಥನ್ ಬೇಲಿನ್ ಎಂಬ ಮನಶ್ಶಾಸ್ತ್ರಜ್ಞರು ಈ ಸ್ಥಿತಿಯನ್ನು 'ಬ್ಲಾಕ್ಡ್ ಕೇರ್' ಎಂದು ಗುರುತಿಸಿದ್ದಾರೆ: ದೀರ್ಘ ಒತ್ತಡದಲ್ಲಿ, ಮತ್ತೆ ಮತ್ತೆ ತಿರಸ್ಕಾರ ಎದುರಾದಾಗ, ತಂದೆತಾಯಿ ಕರ್ತವ್ಯವನ್ನು ಮಾಡುತ್ತಲೇ ಇರುತ್ತಾರೆ, ಮಗುವಿನ ಸಹವಾಸದಲ್ಲಿ ಸಿಗಬೇಕಾದ ಖುಷಿ ಮಾತ್ರ ಬತ್ತಿಹೋಗುತ್ತದೆ. ನನ್ನ ಸ್ವಭಾವದಲ್ಲೇ ಏನೋ ಕೊರತೆಯಿದೆ ಎಂಬ ಅನುಮಾನ ಅಂದಿಗೆ ಕಳಚಿತು. ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ ಇದು, ವಿಶ್ರಾಂತಿ ಮತ್ತು ಆಸರೆ ಸಿಕ್ಕರೆ ಸಡಿಲಗೊಳ್ಳುತ್ತದೆ ಎಂದು ತಿಳಿದಾಗ ಉಸಿರು ಹಗುರವಾಯಿತು.

ಆಗ ನನ್ನ ಗಂಡ ಮಾಡಿದ್ದನ್ನು ನಾನು ಎಂದಿಗೂ ಮರೆಯಲಾರೆ. ಮಗಳು ತನ್ನ ಬಳಿಗೆ ಓಡಿ ಬಂದು ಏನಾದರೂ ಕೇಳಿದರೆ, 'ಅಮ್ಮನಿಗೆ ಗೊತ್ತು, ಬಾ ಇಬ್ಬರೂ ಹೋಗಿ ಕೇಳೋಣ' ಎಂದು ಕೈ ಹಿಡಿದು ಕರೆತರುತ್ತಿದ್ದರು. ಸಿಹಿಸುದ್ದಿಗಳೆಲ್ಲ ನನ್ನ ಬಾಯಿಂದಲೇ ಬರುವಂತೆ ನೋಡಿಕೊಂಡರು. ತಾನು ಇಷ್ಟವಾದವನು ಎಂಬ ಸುಖವನ್ನು ಪಕ್ಕಕ್ಕಿಡುವುದು ಸುಲಭವಲ್ಲ. ಜೊತೆಗೆ, ಪ್ರತಿ ಸಂಜೆ ಸ್ವಲ್ಪ ಹೊತ್ತು ನಾನು ಮನೆಯಿಂದ ಹೊರಗೆ ನಡೆದಾಡುವುದು ಕಡ್ಡಾಯವಾಯಿತು. ದತ್ತು ತಾಯಿಯೇ ಆದ ಗೆಳತಿಯೊಬ್ಬಳಿಗೆ ಏನನ್ನೂ ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದೆ. ಅವಳು ಉಪದೇಶ ಮಾಡುತ್ತಿರಲಿಲ್ಲ. ಇದಕ್ಕೆಲ್ಲ ಸಮಯ ಎಲ್ಲಿಂದ ತಂದೆವು ಎಂದರೆ, ಬೇರೆಯದನ್ನು ಕೈಬಿಟ್ಟು. ಸಮಾರಂಭಗಳಿಗೆ ಹೋಗುವುದು ಕಡಿಮೆಯಾಯಿತು, ಮಕ್ಕಳ ಹೆಚ್ಚುವರಿ ತರಗತಿಗಳು ನಿಂತವು, ಮನೆ ಒಪ್ಪವಾಗಿರಬೇಕೆಂಬ ಹಟವೂ ಹೋಯಿತು. ಸಮತೋಲನ ಎಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮಾಡುವುದು ಎಂದು ಹಲವರು ತಿಳಿಯುತ್ತಾರೆ. ನನ್ನ ಮಟ್ಟಿಗೆ, ಯಾವುದನ್ನು ಮಾಡುವುದಿಲ್ಲ ಎಂದು ಗಂಡ ಹೆಂಡತಿ ಕೂತು ನಿರ್ಧರಿಸಿದ ಮೇಲೆಯೇ ಅದು ಸಾಧ್ಯವಾಯಿತು.

ಸಿಟ್ಟು ಬಂದಾಗ ಮಗಳು ವಸ್ತುಗಳನ್ನು ಎಸೆಯುತ್ತಿದ್ದಳು. 'ನಿನ್ನ ಕೋಣೆಗೆ ಹೋಗು' ಎಂಬ ಮಾತು ನಮ್ಮ ಮನೆಯಲ್ಲಿ ಇಲ್ಲ. ಬಿಟ್ಟುಹೋಗುವ ಭಯವೇ ಆಳದಲ್ಲಿರುವ ಮಗುವಿಗೆ ಒಂಟಿಯಾಗಿಸುವ ಶಿಕ್ಷೆ ಕೊಟ್ಟರೆ ಭಯಕ್ಕೆ ಸಾಕ್ಷಿ ಒದಗಿಸಿದಂತೆ. ಎಸೆಯಲು ಬಿಡುತ್ತಿರಲಿಲ್ಲ, ಆದರೆ ದೂರವೂ ಹೋಗುತ್ತಿರಲಿಲ್ಲ. ಬಾಗಿಲ ಬಳಿ ನೆಲದ ಮೇಲೆ ಕೂತು, ದನಿ ತಗ್ಗಿಸಿ, 'ಇಲ್ಲೇ ಇದ್ದೇನೆ' ಎನ್ನುವುದು. ಅವಳು ಶಾಂತವಾದ ಮೇಲೆ 'ಯಾಕೆ ಮಾಡಿದೆ?' ಎಂದು ಕೇಳುವ ಬದಲು 'ಆಗ ನಿನಗೆ ಏನನ್ನಿಸಿರಬಹುದು ಎಂದು ಯೋಚಿಸುತ್ತಿದ್ದೆ' ಎನ್ನುವುದು. ಇದೂ ಡ್ಯಾನ್ ಹ್ಯೂಸ್ ಅವರ ದಾರಿಯೇ; ಆಟದ ಮನಸ್ಸು, ಒಪ್ಪಿಕೊಳ್ಳುವುದು, ಕುತೂಹಲ, ಸಹಾನುಭೂತಿ ಎಂಬ ನಾಲ್ಕರ ಮೇಲೆ ಅವರು ಅದನ್ನು ಕಟ್ಟಿದ್ದಾರೆ. ನಾಲ್ಕರಲ್ಲಿ ಕುತೂಹಲವೇ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ನಿಜವಾಗಿ ಕುತೂಹಲದಲ್ಲಿರುವಾಗ ಸಿಟ್ಟು ನಿಲ್ಲುವುದಿಲ್ಲ. ಮತ್ತೆ, ಜಗಳವಾದ ಮೇಲೆ ರಾಜಿಗೆ ಮೊದಲು ಹೋಗುವುದು ದೊಡ್ಡವರು. ಎಡ್ ಟ್ರಾನಿಕ್ ಎಂಬ ಮನಶ್ಶಾಸ್ತ್ರಜ್ಞರು ತಾಯಿ ಮತ್ತು ಶಿಶುಗಳ ಎದುರುಬದುರು ಆಟವನ್ನು ಸೂಕ್ಷ್ಮವಾಗಿ ಗಮನಿಸಿ, ಚೆನ್ನಾಗಿರುವ ಜೋಡಿಗಳಲ್ಲೂ ತಾಳ ತಪ್ಪುವುದೇ ಹೆಚ್ಚು, ತಪ್ಪಿದ್ದನ್ನು ಮತ್ತೆ ಕೂಡಿಸಿಕೊಳ್ಳುವುದರಲ್ಲಿ ಬಂಧ ಬಲಿಯುತ್ತದೆ ಎಂದು ತೋರಿಸಿದರು. ದಣಿದ ತಂದೆತಾಯಿಗಳಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇರೆ ಇಲ್ಲ.

ಈ ಗದ್ದಲದಲ್ಲಿ ಸುಮ್ಮನಿರುವ ಮಗು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಒಬ್ಬನೇ ಆಗಿದ್ದ ಮಗ ಇದ್ದಕ್ಕಿದ್ದಂತೆ ಕಿರಿಯವನಾದ. 'ಅಕ್ಕ ಬಂದ ಮೇಲೆ ನಮ್ಮ ಮನೆ ಜೋರಾಗಿದೆ' ಎಂದ ಒಮ್ಮೆ. ಹಾಗೆ ಹೇಳಬಾರದು ಎನ್ನಲಿಲ್ಲ. ಹೌದು, ಜೋರಾಗಿದೆ, ನಿನಗೆ ಹಳೆಯ ಮನೆ ನೆನಪಾಗುತ್ತಿರಬೇಕು ಎಂದೆ. ವಾರಕ್ಕೊಂದು ಸಂಜೆ ಅವನೊಬ್ಬನದೇ ಆಯಿತು. ಏನು ಮಾಡಬೇಕೆಂದು ಅವನೇ ಹೇಳುತ್ತಾನೆ, ಮೊಬೈಲ್ ಒಳಗಿರುತ್ತದೆ. ಎಂತಹ ಬಿಕ್ಕಟ್ಟು ಬಂದರೂ ಆ ಸಂಜೆಯನ್ನು ಮುಂದೂಡುವುದಿಲ್ಲ.

ಖುಷಿ ಯಾವಾಗ ಬಂತು? ಕಣ್ಣಾಮುಚ್ಚಾಲೆಯಿಂದ ಎಂದು ಧೈರ್ಯವಾಗಿ ಹೇಳುತ್ತೇನೆ. ಮಗಳಿಗೆ ಅಡಗಿಕೊಳ್ಳುವುದೆಂದರೆ ಹುಚ್ಚು. ಪ್ರತಿ ಸಲವೂ ಒಂದೇ ಜಾಗ, ಪರದೆಯ ಹಿಂದೆ, ಕಾಲ್ಬೆರಳುಗಳು ಹೊರಗೆ. ತಮ್ಮ ತಕ್ಷಣ ಹಿಡಿದುಬಿಡುತ್ತಿದ್ದ. ಅವಳಿಗೆ ಅದು ಇಷ್ಟವಾಗುತ್ತಿರಲಿಲ್ಲ. ನಾನು ಇಡೀ ಮನೆ ಸುತ್ತಿ, ಮೇಜಿನ ಕೆಳಗೆ ಬಗ್ಗಿ, ಬುಟ್ಟಿಯೊಳಗೆ ಇಣುಕಿ, 'ಎಲ್ಲಿ ಹೋದಳು ನನ್ನ ಮಗಳು, ಅವಳಿಲ್ಲದೆ ನಾನೇನು ಮಾಡಲಿ' ಎಂದು ಗಟ್ಟಿಯಾಗಿ ಹುಡುಕಬೇಕು. ಪರದೆ ನಡುಗುತ್ತಿತ್ತು, ನಗು ತಡೆಯಲಾಗದೆ. ಸಿಕ್ಕಾಗ 'ಇನ್ನೊಮ್ಮೆ' ಎನ್ನುತ್ತಿದ್ದಳು. ಅಪ್ಪ ಹುಡುಕಲು ಬಂದರೆ ಬೇಡ ಎಂದ ದಿನವೂ ಬಂತು. ಹುಡುಕುವವಳು ಅಮ್ಮನೇ ಆಗಬೇಕು. ನಾನು ಆ ಆಟದಿಂದ ದಣಿದದ್ದೇ ಇಲ್ಲ.

ಆಟ ಒಂದು ಕಡೆ, ಕಥೆ ಇನ್ನೊಂದು ಕಡೆ. ದತ್ತು ಕುಟುಂಬಗಳನ್ನು ಅಭ್ಯಾಸ ಮಾಡಿದ ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ 1964ರಲ್ಲೇ ಒಂದು ವ್ಯತ್ಯಾಸವನ್ನು ಎತ್ತಿ ತೋರಿಸಿದ್ದರು: ಕೆಲವು ತಂದೆತಾಯಿ ತಮ್ಮ ಕುಟುಂಬಕ್ಕೂ ಬೇರೆಯವರದಕ್ಕೂ ಏನೂ ಭೇದವಿಲ್ಲ ಎಂದು ವಾದಿಸುತ್ತಾರೆ, ಇನ್ನು ಕೆಲವರು ಭೇದವಿದೆ ಎಂದು ಒಪ್ಪಿ ಮಕ್ಕಳೊಂದಿಗೆ ಅದನ್ನು ಮಾತಾಡುತ್ತಾರೆ. ಎರಡನೆಯ ದಾರಿಯಲ್ಲೇ ಮಕ್ಕಳೊಂದಿಗೆ ಮನಸ್ಸು ಬಿಚ್ಚಿ ಮಾತಾಡುವುದು ಸಾಧ್ಯ ಎಂದರು ಅವರು. ನಾವು ಎರಡನೆಯದನ್ನು ಆರಿಸಿಕೊಂಡೆವು. ಮಗನಿಗೆ ಮಾತು ಅರ್ಥವಾಗುವ ಮೊದಲೇ ಅವನು ಮನೆಗೆ ಬಂದ ಕಥೆಯನ್ನು ಹೇಳುತ್ತಿದ್ದೆವು, ಹಾಗಾಗಿ ಅವನಿಗೆ 'ಗೊತ್ತಾದ ದಿನ' ಎಂಬುದೇ ಇಲ್ಲ. ಇಬ್ಬರಿಗೂ ಒಂದೊಂದು ಜೀವನಕಥೆಯ ಪುಸ್ತಕ ಮಾಡಿದ್ದೇವೆ. ಸಿಕ್ಕ ಚಿತ್ರಗಳು, ಇದ್ದ ಜಾಗಗಳ ಹೆಸರು, ಅಲ್ಲಿ ನೋಡಿಕೊಂಡವರ ಬಗ್ಗೆ ಗೊತ್ತಿದ್ದಷ್ಟು. ಗೊತ್ತಿಲ್ಲದ ಕಡೆ ಪುಟ ಖಾಲಿ ಬಿಟ್ಟಿದ್ದೇವೆ. ಸುಂದರ ಕಲ್ಪನೆಯಿಂದ ತುಂಬಿಸಿಲ್ಲ.

ಮಗ ಏಳು ದಾಟಿದ ಮೇಲೆ ಒಂದು ಸಂಜೆ ಕೇಳಿದ: 'ನೀವು ನನ್ನನ್ನು ಆರಿಸಿಕೊಂಡಿರಿ ಎಂದರೆ, ಅದಕ್ಕೆ ಮೊದಲು ಯಾರೋ ನನ್ನನ್ನು ಬೇಡ ಎಂದಿರಬೇಕಲ್ಲವೇ?' ಸಂತೋಷವಾಗಿದ್ದ ಮಗು ಯಾಕೆ ಹೀಗೆ ಎಂದು ಗಾಬರಿಪಡಬೇಕಿಲ್ಲ. ಎಳೆಯ ಮಕ್ಕಳು ದತ್ತು ಎಂಬ ಪದವನ್ನು ಹೆಮ್ಮೆಯಿಂದ ಹೇಳುತ್ತಾರೆ. ಶಾಲೆಯ ಮೊದಲ ವರ್ಷಗಳು ಕಳೆದಂತೆ ಅದರೊಳಗಿನ ಅಗಲಿಕೆ ಅರ್ಥವಾಗತೊಡಗುತ್ತದೆ, ದುಃಖವೂ ಬರುತ್ತದೆ ಎಂಬುದನ್ನು ಡೇವಿಡ್ ಬ್ರಾಡ್ಜಿನ್‌ಸ್ಕಿ ಅವರ ಅಧ್ಯಯನಗಳಿಂದ ತಿಳಿದುಕೊಂಡಿದ್ದೆವು. 'ಬೇಡ ಎಂದರೋ, ಆಗಲಿಲ್ಲವೋ ನನಗೆ ಗೊತ್ತಿಲ್ಲ. ನೀನು ಏನೋ ಮಾಡಿದ್ದರಿಂದ ಹಾಗಾಗಲಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು' ಎಂದೆ. ಅವನು ಅತ್ತ, ನಾನು ಕಣ್ಣೀರನ್ನು ಬೇಗ ನಿಲ್ಲಿಸಲು ಹೋಗಲಿಲ್ಲ.

ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದಾಗ ಮಗಳು ಬೇರುಗಳಲ್ಲಿ ಹೆತ್ತವರಿಗೆ ಜಾಗ ಕೊಟ್ಟಳು, ಕೊಂಬೆಗಳಲ್ಲಿ ನಮಗೆ. ಶಿಕ್ಷಕಿಗೆ ಮೊದಲೇ ಪತ್ರ ಬರೆದು, ಯಾವ ಮಗುವೂ ತನ್ನ ಕಥೆಯನ್ನು ತರಗತಿಯ ಮುಂದೆ ವಿವರಿಸಬೇಕಾಗಿ ಬರದಿರಲಿ ಎಂದು ಕೇಳಿಕೊಂಡಿದ್ದೆ, ಅವರು ಅರ್ಥಮಾಡಿಕೊಂಡರು. ಹೊರಗಿನವರು 'ಇವರ ನಿಜವಾದ ತಾಯಿ ಯಾರು?' ಎಂದರೆ, ಅದು ಮಕ್ಕಳ ಖಾಸಗಿ ವಿಷಯ ಎಂದು ಮಕ್ಕಳ ಎದುರಲ್ಲೇ ನಯವಾಗಿ ಹೇಳುತ್ತೇನೆ. ನನ್ನ ಉತ್ತರವನ್ನು ಅವರು ಕೇಳಿಸಿಕೊಳ್ಳುವುದು ಮುಖ್ಯ. ಮನೆಗೆ ಬಂದ ದಿನವನ್ನು ಆಚರಿಸುವ ವಿಷಯದಲ್ಲೂ ಅವರವರ ಇಷ್ಟ: ಮಗನಿಗೆ ಸಂಭ್ರಮ ಬೇಕು, ಮಗಳಿಗೆ ಬೇಡ. ಅವಳಿಗೆ ಆ ದಿನ ಏನನ್ನೋ ಕಳೆದುಕೊಂಡ ದಿನವೂ ಹೌದು.

ಮಗಳಿಗೆ ಈಗ ಹದಿಮೂರು. ಈಚೆಗೆ ಕೇಳಿದಳು, 'ಮುಂದೆ ನಾನು ಅವರನ್ನು ಹುಡುಕಿದರೆ ನಿನಗೆ ಬೇಸರವಾಗುತ್ತದೆಯೇ?' ಇಲ್ಲ, ಆತಂಕವಾಗಬಹುದು, ಆದರೆ ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ, ನಿನ್ನದಲ್ಲ ಎಂದೆ. ಸಾಧ್ಯವಾದಷ್ಟು ಮಟ್ಟಿಗೆ ತನ್ನ ತಂದೆತಾಯಿಯನ್ನು ತಿಳಿಯುವುದು ಮಗುವಿನ ಹಕ್ಕು ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಏಳನೆಯ ವಿಧಿ ಹೇಳುತ್ತದೆ. ಅದನ್ನು ಅವಳಿಗೂ ಓದಿ ಹೇಳಿದೆ. ಮೂವರೂ ಕೂತು ಒಂದು ಒಪ್ಪಂದಕ್ಕೆ ಬಂದಿದ್ದೇವೆ: ಹುಡುಕುವುದಾದರೆ ಅಧಿಕೃತ ದಾರಿಯಲ್ಲಿ, ಸಾಮಾಜಿಕ ಜಾಲತಾಣಗಳಲ್ಲಿ ಒಬ್ಬಳೇ ಅಲ್ಲ, ಆಪ್ತಸಮಾಲೋಚಕಿಯ ನೆರವಿರಬೇಕು, ಎಷ್ಟು ವೇಗ, ಎಲ್ಲಿ ನಿಲ್ಲಿಸಬೇಕು ಎಂಬುದು ಅವಳ ನಿರ್ಧಾರ. ಮಗನಿಗೆ ಸದ್ಯ ಇದರಲ್ಲಿ ಆಸಕ್ತಿಯಿಲ್ಲ. ತನ್ನ ಕಡತ ತೆರೆದು, ಶಿಶುವಾಗಿದ್ದಾಗಿನ ತೂಕದ ಪಟ್ಟಿಯನ್ನಷ್ಟೇ ಓದಿ ಆಡಲು ಹೋದ. ಅವನು ಕೇಳುವ ದಿನ ಬೇರೆಯೇ ಪ್ರಶ್ನೆಗಳನ್ನು ಕೇಳಬಹುದು. ಆಗ ಬೇಕಾಗುವ ಕಾಗದಗಳನ್ನು ಈಗಲೇ ಒಂದೊಂದಾಗಿ ಕೇಳಿ ತರಿಸಿ ಜೋಡಿಸಿಡುತ್ತಿದ್ದೇವೆ.