ಅಪ್ಪ ಹಡಗಿನಲ್ಲಿ, ಮಗ ಲಂಡನ್‌ಗೆ: ಒಪ್ಪಿಗೆ ಪತ್ರ ಮಾಡಿಸಿದ್ದು ಹೀಗೆ

ಬೇಸಿಗೆ ರಜೆಯಲ್ಲಿ ನಮ್ಮ 13 ವರ್ಷದ ಮಗನನ್ನು ಅವನ ಸೋದರತ್ತೆ ಜೊತೆ ಲಂಡನ್‌ಗೆ ಕಳಿಸಿದೆವು. ನಾವಿರುವುದು ಮುಂಬೈ ಪಕ್ಕದ ಡೊಂಬಿವ್ಲಿಯಲ್ಲಿ. ಯಜಮಾನರು ಮರ್ಚೆಂಟ್ ನೇವಿ. ಒಮ್ಮೆ ಹಡಗು ಹತ್ತಿದರೆ ಸಹಿಗೆ ಸಿಗುವವರಲ್ಲ. ಹಾಗಾಗಿ ಟಿಕೆಟ್‌ಗಿಂತ ಮೊದಲು ಒಪ್ಪಿಗೆ ಪತ್ರ ಮಾಡಿಸಿದೆ. ತಾರೀಕು ಗೊತ್ತಿರಲಿಲ್ಲ, ಅಲ್ವಾ? 'ಏಪ್ರಿಲ್‌ನಿಂದ ಜೂನ್ ಒಳಗೆ' ಅಂತ ಬರೆಸಿದೆ.

18 ತುಂಬದ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಬ್ರಿಟನ್‌ಗೆ ಹೋಗುವಾಗ ಲಿಖಿತ ಒಪ್ಪಿಗೆ ಕೇಳುತ್ತಾರೆ. ಮಗ ಯಾರ ಜೊತೆ ಹೋಗುತ್ತಾನೆ, ಯಾರ ಮನೆಯಲ್ಲಿ ಇರುತ್ತಾನೆ, ಆ ಮನೆಯ ವಿಳಾಸ, ನಮ್ಮಿಬ್ಬರ ಫೋನ್ ನಂಬರ್ ಎಲ್ಲ ಅದರಲ್ಲಿತ್ತು. ಅಲ್ಲಿ ಹುಷಾರಿಲ್ಲದಾದರೆ ಚಿಕಿತ್ಸೆ ಕೊಡಿಸಲು ಸೋದರತ್ತೆಗೆ ಅಧಿಕಾರವಿದೆ ಅಂತಲೂ ಸೇರಿಸಿದೆ. ನೋಟರಿ ಮಾಡಿಸಿದ್ದು ನನ್ನ ಸಮಾಧಾನಕ್ಕೆ. ಮಹಾರಾಷ್ಟ್ರದಲ್ಲಿ 2024ರ ಅಕ್ಟೋಬರ್‌ನಲ್ಲಿ 100 ರೂಪಾಯಿ ಸ್ಟಾಂಪ್ ಪೇಪರ್ ಹೋಗಿ 500 ಬಂತು, ಸಮಾಧಾನವೂ ತುಟ್ಟಿ.

ಜಾಸ್ತಿ ತಲೆ ಕೆಡಿಸಿದ್ದು ಹೆಸರುಗಳು. ನಮ್ಮ ಕಡೆಯವರ ಪಾಸ್‌ಪೋರ್ಟ್ ನೋಡಿದರೆ ಒಬ್ಬರದು ಊರಿನ ಹೆಸರು, ಇನ್ನೊಬ್ಬರದು ಅಪ್ಪನ ಹೆಸರು. ಅತ್ತಿಗೆಗೆ, ಅಂದರೆ ಮಗನ ಈ ಸೋದರತ್ತೆಗೆ, ಗಂಡನ ಮನೆತನದ್ದು. ಅವರೂ ನಮ್ಮ ಯಜಮಾನರೂ ಸ್ವಂತ ಅಕ್ಕ ತಮ್ಮ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಪಾಸ್‌ಪೋರ್ಟಿನ ಕೊನೆಯ ಪುಟ ಕೈ ಹಿಡಿಯಿತು. ಇಬ್ಬರದರಲ್ಲೂ ತಂದೆ ತಾಯಿ ಹೆಸರು ಒಂದೇ ಅಚ್ಚಾಗಿತ್ತು. ಆ ಪುಟಗಳ ಝೆರಾಕ್ಸ್ ಜೊತೆಗೆ ಮಗನ ಜನನ ಪ್ರಮಾಣಪತ್ರ ಇಟ್ಟೆ. ಅವನು ಹುಟ್ಟಿದ್ದು ಧಾರವಾಡದಲ್ಲಿ, ಪ್ರಮಾಣಪತ್ರ ಕನ್ನಡದಲ್ಲಿತ್ತು, ಅನುವಾದ ಮಾಡಿಸಬೇಕಾಯಿತು. ಬ್ರಿಟನ್ ವೀಸಾಗೆ ಇಂಗ್ಲಿಷ್ ಬಿಟ್ಟರೆ ಅಲ್ಲಿನ ವೇಲ್ಸ್‌ನ ಭಾಷೆ ವೆಲ್ಷ್ ನಡೆಯುತ್ತದೆ. ಕನ್ನಡ ನಡೆಯುವುದಿಲ್ಲ!

ಇನ್ನೊಂದು ವಿಷಯ ಸುಮ್ನೆ ಬಿಡುವಂಥದ್ದಲ್ಲ. ದೊಡ್ಡವರ ಜೊತೆ ಹೋಗುವ ಮಗುವಿನ ವೀಸಾ ಆ ದೊಡ್ಡವರಿಗೇ ಕಟ್ಟುಬಿದ್ದಿರುತ್ತದೆ. ಅವರು ಯಾರು ಅಂತ ವೀಸಾದಲ್ಲೇ ಗುರುತಿಸಿರುತ್ತಾರೆ, ಇಬ್ಬರವರೆಗೆ ಹಾಕಬಹುದು. ಕೊನೇ ಗಳಿಗೆಯಲ್ಲಿ ಅತ್ತೆ ಬದಲು ಮಾವ ಹೊರಟರೆ ಅಲ್ಲಿ ಒಳಗೆ ಬಿಡದೇ ಇರಬಹುದು. ಅದಕ್ಕೇ ಇಬ್ಬರ ಹೆಸರೂ ಹಾಕಿಸಿದೆ. ಅತ್ತಿಗೆಯ ಪಾಸ್‌ಪೋರ್ಟ್ ಅವಧಿ ಮುಗಿಯುತ್ತಾ ಬಂದಿತ್ತು. ಮಗನ ಅರ್ಜಿಯಲ್ಲಿ ಆ ಪಾಸ್‌ಪೋರ್ಟ್ ನಂಬರ್ ಕೊಡಬೇಕು, ನವೀಕರಿಸಿದರೆ ನಂಬರ್ ಬದಲಾಗುತ್ತದಲ್ಲ, ಅದನ್ನು ಮೊದಲು ಮುಗಿಸಿ ಆಮೇಲೆ ಮಗನ ಅರ್ಜಿ ಹಾಕಿದೆವು.

ಮೂಲ ಪತ್ರ ಅತ್ತಿಗೆಯ ಹ್ಯಾಂಡ್‌ಬ್ಯಾಗಿಗೆ ಹೋಯಿತು, ಚೆಕ್-ಇನ್ ಪೆಟ್ಟಿಗೆಗಲ್ಲ. ಹೀಥ್ರೂದಲ್ಲಿ ಅಧಿಕಾರಿ ಮೊದಲು ಮಾತಾಡಿಸಿದ್ದು ಮಗನನ್ನು. ಇವರು ನಿನಗೇನಾಗಬೇಕು, ಅಪ್ಪ ಎಲ್ಲಿ ಅಂತ ಕೇಳಿದರಂತೆ. 'ಸಮುದ್ರದಲ್ಲಿ' ಅಂದನಂತೆ ಇವನು. ಅತ್ತಿಗೆ ತಕ್ಷಣ ಪತ್ರ ತೆಗೆದುಕೊಟ್ಟರು.