ಬ್ಯಾಲರಿನಾ ಉಂಗುರ: ಹರಳಿಗಿಂತ ಮೊದಲು ನೆರಿಗೆ ನೋಡಿ

ನಡುವೆ ಒಂದು ನೀಲ, ಕೆಂಪು (ಮಾಣಿಕ್ಯ), ಪಚ್ಚೆ ಅಥವಾ ದಪ್ಪ ವಜ್ರ. ಅದರ ಸುತ್ತ ಪಟ್ಟಿಯಂತೆ ಕತ್ತರಿಸಿದ, ಒಳತುದಿ ಕಿರಿದಾಗಿ ಹೊರತುದಿ ಅಗಲವಾದ ಸಣ್ಣ ವಜ್ರಗಳು ಒತ್ತೊತ್ತಾಗಿ ಕುಳಿತು ಅಲೆಯಲೆಯಾಗಿ ಏರಿಳಿಯುತ್ತವೆ. ಬ್ಯಾಲೆ ನರ್ತಕಿ ಗಿರ್ರನೆ ತಿರುಗಿದಾಗ ಅರಳುವ ಟುಟು ಲಂಗದ ರೂಪವಿದು. ಬ್ಯಾಲರಿನಾ ಉಂಗುರ ಎಂಬ ಹೆಸರು ಬಂದದ್ದೂ ಅದರಿಂದಲೇ. 1940ರ ದಶಕದಲ್ಲೇ ಫ್ರಾನ್ಸಿನ ಆಭರಣ ಸಂಸ್ಥೆ ವ್ಯಾನ್ ಕ್ಲೀಫ್ ಆ್ಯಂಡ್ ಆರ್ಪೆಲ್ಸ್ ನರ್ತಕಿಯರ ಆಕಾರದ ಬ್ರೂಚ್‌ಗಳನ್ನು ಮಾಡಿತ್ತು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ಕಾಲದ ಪ್ಲಾಟಿನಂ ನಿರ್ಬಂಧ ಸಡಿಲವಾದ ಮೇಲೆ, 1950ರ ದಶಕದಲ್ಲಿ, ಬಿಳಿ ಲೋಹದ ಈ ಉಂಗುರಗಳಿಗೆ ಒಳ್ಳೆಯ ಕಾಲ ಬಂತು.

ಹಳೆಯದೊಂದನ್ನು ಕೊಳ್ಳುವವರ ಕಣ್ಣು ನೇರ ನಡುವಿನ ಹರಳಿಗೆ ಹೋಗುತ್ತದೆ. ಆದರೆ ಈ ಉಂಗುರದ ಜೀವ ಇರುವುದು ಸುತ್ತಲಿನ ವಜ್ರಗಳ ನೆರಿಗೆಯಲ್ಲಿ. ಪರೀಕ್ಷೆಯೂ ಅಲ್ಲಿಂದಲೇ ಶುರುವಾಗಲಿ.

ಮೊದಲು ಉಂಗುರವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ. ವಜ್ರಗಳ ಸಾಲು ಸಪಾಟಾಗಿದ್ದರೆ ಅದು ಸಾಮಾನ್ಯ ಸುತ್ತುಗಲ್ಲಿನ ಉಂಗುರ. ಒಳ್ಳೆಯ ಕೆಲಸದಲ್ಲಿ ಕೆಳಗಿನ ಲೋಹವೂ ಅಲೆಯ ಜೊತೆಗೇ ಬಾಗಿರುತ್ತದೆ, ಕಲ್ಲುಗಳ ನಡುವಿನ ಸಂದು ಎಲ್ಲೆಡೆ ಒಂದೇ ಸಮನಾಗಿರುತ್ತದೆ.

ಬಳಿಕ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ ಪ್ರತಿ ವಜ್ರದ ಮೂಲೆಯನ್ನೂ ನೋಡಿ. ಅವಸರ ಬೇಡ. ಪಟ್ಟಿ ವಜ್ರದ ಚೂಪು ಮೂಲೆ ಪೆಟ್ಟು ಬಿದ್ದರೆ ಬೇಗ ಚಕ್ಕೆ ಏಳುತ್ತದೆ. ಒಂದೊಂದನ್ನೂ ಅದರ ಜಾಗಕ್ಕೆ ಹೊಂದುವಂತೆ ಕತ್ತರಿಸಿರುವುದರಿಂದ ಒಂದು ಕಳೆದರೆ ಸರಿಜೋಡಿ ಸಿಗುವುದು ಕಷ್ಟ. ಉಂಗುರವನ್ನು ಕಿವಿಯ ಬಳಿ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಿಣಿಕಿಣಿ ಸದ್ದು ಬಂದರೆ ಯಾವುದೋ ಕಲ್ಲು ಸಡಿಲವಾಗಿದೆ ಎಂದೇ ಅರ್ಥ.

ನಡುವಿನ ಹರಳಿನ ಸರದಿ ಈಗ. ಉಂಗುರ ಹಳೆಯದು, ಹಾಗಾಗಿ ಹರಳು ನೈಸರ್ಗಿಕ ಎಂದು ನಂಬಬೇಡಿ. ಜ್ವಾಲೆಯಲ್ಲಿ ಕರಗಿಸಿ ತಯಾರಿಸಿದ ಕೃತಕ ಕೆಂಪು ಹರಳು 1900ರ ದಶಕದ ಆರಂಭದಿಂದಲೇ ಮಾರುಕಟ್ಟೆಯಲ್ಲಿದೆ. ಲೂಪ್‌ನಲ್ಲಿ ಗ್ರಾಮಫೋನ್ ತಟ್ಟೆಯ ಗೀರುಗಳಂತೆ ಬಾಗಿದ ಗೆರೆಗಳು ಕಂಡರೆ ಅದು ಕೃತಕ. ಕಾಣದಿದ್ದ ಮಾತ್ರಕ್ಕೆ ನೈಸರ್ಗಿಕವೆಂದು ತೀರ್ಮಾನಿಸಲಾಗದು. ದುಬಾರಿ ಉಂಗುರವಾದರೆ ರತ್ನ ಪರೀಕ್ಷಾಲಯದ ವರದಿ ಕೇಳಲು ಸಂಕೋಚ ಬೇಡ.

ಒಳಬದಿಯ ಮುದ್ರೆಯನ್ನೂ ಓದಿ. ಫ್ರಾನ್ಸಿನ ಉಂಗುರದಲ್ಲಿ ಹದ್ದಿನ ತಲೆ ಇದ್ದರೆ 18 ಕ್ಯಾರೆಟ್ ಚಿನ್ನ, ನಾಯಿಯ ತಲೆ ಇದ್ದರೆ ಪ್ಲಾಟಿನಂ.

ಅಳತೆ ತೀರಾ ಬೇರೆಯಾಗಿದ್ದರೆ ಕೊಳ್ಳದಿರುವುದೇ ಲೇಸು. ಬೆರಳನ್ನು ಸುತ್ತುವ ಉಂಗುರದ ಬಳೆಯನ್ನು ಹೆಚ್ಚು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಮೇಲಿನ ಚೌಕಟ್ಟು ಎಳೆದಂತಾಗಿ ಕಲ್ಲುಗಳು ಸಡಿಲಗೊಳ್ಳುತ್ತವೆ. ತೊಳೆಯಲು ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತನೆಯ ಬ್ರಷ್ ಸಾಕು. ಹಳೆಯ ಉಂಗುರವನ್ನು, ಅದರಲ್ಲೂ ಪಚ್ಚೆ ಇರುವುದನ್ನು, ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಬಿಡಬೇಡಿ. ಬಿರುಕು ಮುಚ್ಚಲು ಪಚ್ಚೆಗೆ ತುಂಬಿದ ಎಣ್ಣೆ ಹೊರಬಂದುಬಿಡುತ್ತದೆ. ಎತ್ತರದ ನೆರಿಗೆ ರೇಷ್ಮೆ ಸೀರೆಯ ಎಳೆಗೆ ಸುಲಭವಾಗಿ ಸಿಕ್ಕಿಕೊಳ್ಳುತ್ತದೆ. ಸೀರೆ ಉಟ್ಟು ಮುಗಿದ ಮೇಲೆಯೇ ಉಂಗುರ ತೊಡಿ.