ಹೆಸರು ಸರಿಮಾಡಿ, ಖಾತೆ ನೋಡಿ, ಆಮೇಲೆ ಅರ್ಜಿ ಹಾಕಿ

ಮಗನೋ ಮಗಳೋ ಎಸ್ಸೆಸ್ಸೆಲ್ಸಿ ಮುಗಿಸಿದ ಮನೆಯಲ್ಲಿ ಮುಂದಿನ ಎರಡು ತಿಂಗಳು ನಾಡಕಚೇರಿ, ಬ್ಯಾಂಕು, ಗ್ರಾಮ ಒನ್, ಮತ್ತೆ ನಾಡಕಚೇರಿ ಎಂದು ಓಡಾಟ. ವಿದ್ಯಾರ್ಥಿವೇತನ, ಹಾಸ್ಟೆಲ್, ಮುಂದೆ ನಿರುದ್ಯೋಗ ಭತ್ಯೆಯಾದ ಯುವನಿಧಿ ಎಲ್ಲಕ್ಕೂ ಹೆಚ್ಚುಕಡಿಮೆ ಅವೇ ಕಾಗದ ಬೇಕು. ಅರ್ಹತೆ ಇಲ್ಲದೆ ತಿರಸ್ಕಾರವಾಗುವುದಕ್ಕಿಂತ ಒಂದು ಕಾಗದದ ಹೆಸರು ಇನ್ನೊಂದಕ್ಕೆ ಕೂಡದೆ ನಿಂತುಹೋಗುವ ಅರ್ಜಿಗಳೇ ಜಾಸ್ತಿ. ಅದಕ್ಕೇ ಇಲ್ಲಿ ಅರ್ಜಿಯ ಮಾತು ನಾಲ್ಕನೆಯದಾಗಿ ಬರುತ್ತದೆ.

ಮೊದಲು ಹೆಸರು

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕನ್ನೂ ಒಂದೇ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ಕನ್ನಡದಲ್ಲಿ ಸರಿ ಕಾಣುವ ಹೆಸರು ಇಂಗ್ಲಿಷ್ ಕಾಗುಣಿತದಲ್ಲಿ ಬೇರೆಯಾಗಿರುತ್ತದೆ; ‘ಗೀತಾ’ ಎಂಬಲ್ಲಿ ಒಂದು ಕಡೆ ‘ಟಿ’ ಆದಮೇಲೆ ‘ಹೆಚ್’, ಇನ್ನೊಂದು ಕಡೆ ಇಲ್ಲ. ಇನಿಷಿಯಲ್‌ನ ತಂಟೆ ಇನ್ನೂ ದೊಡ್ಡದು. ಹಳೆ ಮೈಸೂರು ಕಡೆ ಇನಿಷಿಯಲ್ ಹೆಸರಿನ ಮುಂದೆಯೋ ಹಿಂದೆಯೋ ಕೂರುತ್ತದೆ. ಉತ್ತರ ಕರ್ನಾಟಕದಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಸೇರುತ್ತವೆ. ಶಾಲೆಯಲ್ಲಿ ‘ಬಸವರಾಜ ಎಸ್’, ಆಧಾರ್‌ನಲ್ಲಿ ‘ಬಸವರಾಜ ಸಿದ್ದಪ್ಪ ಹಡಪದ’ ಎಂದಿದ್ದರೆ ಕಂಪ್ಯೂಟರಿನ ಲೆಕ್ಕದಲ್ಲಿ ಇವರು ಇಬ್ಬರು ಬೇರೆ ಹುಡುಗರು.

ಯಾವುದನ್ನು ತಿದ್ದಿಸಬೇಕು? ಸಾಮಾನ್ಯವಾಗಿ ಅಂಕಪಟ್ಟಿಯನ್ನು ಹಾಗೇ ಬಿಟ್ಟು ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಅವಸರದಲ್ಲಿ ಹೋಗಿ ಇನ್ನೊಂದು ತಪ್ಪು ಅಕ್ಷರ ಮೂಡಿಸಿಕೊಂಡು ಬಂದರೆ ಒಂದು ಅವಕಾಶ ಮಣ್ಣುಪಾಲು. ಬೇಕಾದ ಕಾಗುಣಿತವನ್ನು ಚೀಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದುಕೊಂಡು ಹೋಗಿ, ರಸೀದಿ ಕೈಗೆ ಬಂದ ಕೂಡಲೇ ಕೌಂಟರಿನ ಮುಂದೆಯೇ ಓದಿ ನೋಡಿ. ಅದೇ ಭೇಟಿಯಲ್ಲಿ ಮನೆಯವರದೇ ಮೊಬೈಲ್ ಸಂಖ್ಯೆಯನ್ನು ಆಧಾರ್‌ಗೆ ಸೇರಿಸಿಕೊಂಡು ಬನ್ನಿ. ಮುಂದೆ ಬಹುಪಾಲು ಹೆಜ್ಜೆಗೂ ಒಟಿಪಿ ಬೇಕು. ಹದಿನೈದು ತುಂಬಿದ ಮಕ್ಕಳ ಬೆರಳಚ್ಚನ್ನು ಹೊಸದಾಗಿ ಕೊಡಿಸಬೇಕು. 15ರಿಂದ 17 ವರ್ಷದೊಳಗೆ ಕೊಡಿಸಿದರೆ ಇದಕ್ಕೆ ಶುಲ್ಕವಿಲ್ಲ. ಕೊಡಿಸದಿದ್ದರೆ ಮುಂದೆ ಬೆರಳಿಟ್ಟಾಗ ‘ಹೊಂದಿಕೆಯಾಗುತ್ತಿಲ್ಲ’ ಎನ್ನಿಸಿಕೊಳ್ಳಬೇಕಾಗುತ್ತದೆ.

ತಪ್ಪು ಅಂಕಪಟ್ಟಿಯಲ್ಲೇ ಇದ್ದರೆ ಮುಖ್ಯೋಪಾಧ್ಯಾಯರ ಮೂಲಕವೇ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಸಮಯ ಹಿಡಿಯುತ್ತದೆ. ಮಗು ಇನ್ನೂ ಒಂಬತ್ತರಲ್ಲೋ ಹತ್ತರಲ್ಲೋ ಇದ್ದರೆ ನೀವು ಅದೃಷ್ಟವಂತರು. ಪರೀಕ್ಷೆಗೆ ಹೆಸರು ಕಳಿಸುವ ಮುನ್ನ ಶಾಲೆಯ ದಾಖಲಾತಿ ಪುಸ್ತಕ ನೋಡಿ ಅಲ್ಲೇ ಸರಿಪಡಿಸಿಕೊಳ್ಳಿ.

ಆಮೇಲೆ ಖಾತೆ

‘ಆಧಾರ್ ಲಿಂಕ್ ಆಗಿದೆ’ ಎಂದು ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ನೆಮ್ಮದಿಯಾಗಬೇಡಿ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಬ್ಯಾಂಕು ತನ್ನ ಪುಸ್ತಕದಲ್ಲಿ ಆಧಾರ್ ಬರೆದುಕೊಂಡರೆ ಅದು ಲಿಂಕ್. ಸರ್ಕಾರದ ಹಣ ನೇರವಾಗಿ ಬರುವುದು ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯನ್ನು ನೋಡಿಕೊಂಡು. ಆ ಪಟ್ಟಿಗೆ ಸೇರುವುದೇ ಸೀಡಿಂಗ್. ಅಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಯಲ್ಲಿ ಯಾವುದು ಸೇರಿತೋ ಹಣ ಅಲ್ಲಿಗೆ.

‘ಹಣ ಬಿಡುಗಡೆಯಾಗಿದೆ ಅಂತ ತೋರಿಸುತ್ತೆ, ಖಾತೆಗೆ ಬಂದಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಊರಿಗೆ ಬಂದ ಯಾರೋ ಹೆಬ್ಬೆಟ್ಟು ಒತ್ತಿಸಿಕೊಂಡು ಅಂಚೆ ಪೇಮೆಂಟ್ಸ್ ಬ್ಯಾಂಕಿನಲ್ಲೋ ಬೇರೆಲ್ಲೋ ಹೊಸ ಖಾತೆ ತೆರೆದಿರುತ್ತಾರೆ. ಸೀಡಿಂಗ್ ಅತ್ತ ಹೊರಳಿರುತ್ತದೆ. ಹಣ ಆ ಖಾತೆಯಲ್ಲಿ ತಣ್ಣಗೆ ಕೂತಿರುತ್ತದೆ, ಮನೆಯವರು ಹಳೆಯ ಪಾಸ್‌ಬುಕ್ ಮುದ್ರಿಸಿಕೊಂಡು ಬೈಯುತ್ತಿರುತ್ತಾರೆ.

ನೋಡುವುದು ಎರಡು ನಿಮಿಷದ ಕೆಲಸ. ಮೈ ಆಧಾರ್ ಜಾಲತಾಣಕ್ಕೆ ಒಟಿಪಿ ಕೊಟ್ಟು ಒಳಹೋದರೆ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ಬ್ಯಾಂಕಿನ ಹೆಸರು, ಸೀಡಿಂಗ್ ಸಕ್ರಿಯವಾಗಿದೆಯೇ ಎಂಬುದು ಎರಡೂ ಕಾಣುತ್ತದೆ. ಮೊಬೈಲಿನಿಂದ *99*99*1# ಒತ್ತಿಯೂ ನೋಡಬಹುದು, ಕೆಲವು ಸಿಮ್‌ಗಳಲ್ಲಿ ಇದು ನಡೆಯುವುದಿಲ್ಲ. ಬೇಡದ ಬ್ಯಾಂಕು ತೋರಿಸಿದರೆ ಬೇಕಾದ ಶಾಖೆಗೆ ಹೋಗಿ ಆಧಾರ್ ಸೀಡಿಂಗ್ ಒಪ್ಪಿಗೆ ಪತ್ರ ತುಂಬಿಕೊಡಿ, ಸ್ವೀಕೃತಿ ತನ್ನಿ, ಕೆಲವು ದಿನ ಬಿಟ್ಟು ಮತ್ತೆ ನೋಡಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ ಎಂಬುದೂ ನೆನಪಿರಲಿ. ನೂರು ರೂಪಾಯಿ ಹಾಕಿ ತೆಗೆದರೂ ಸಾಕು, ಉಸಿರಾಡುತ್ತಿರುತ್ತದೆ.

ಆರ್‌ಡಿ ಸಂಖ್ಯೆ

ಜಾತಿ, ಆದಾಯ ಪ್ರಮಾಣಪತ್ರಗಳಿಗೆ ಹೋಬಳಿಯ ನಾಡಕಚೇರಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಹಾಕಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1ರವರಿಗೆ ಜಾತಿಗೊಂದು, ಆದಾಯಕ್ಕೊಂದು ಪತ್ರ. 2ಎ, 2ಬಿ, 3ಎ, 3ಬಿಯವರಿಗೆ ಎರಡೂ ಒಂದರಲ್ಲೇ. ಆದಾಯದ ಪತ್ರಕ್ಕೆ ಐದು ವರ್ಷದ ಅವಧಿ; ಕೋರ್ಸಿನ ನಡುವೆ ಮುಗಿಯುತ್ತದೆಯೇ ಎಂದು ಈಗಲೇ ಲೆಕ್ಕಹಾಕಿ. ಪತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ, ಅಪ್ಪನ ಹೆಸರಿನದ್ದು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೆಸರನ್ನು ಅಂಕಪಟ್ಟಿ ನೋಡಿ ಟೈಪ್ ಮಾಡಲು ಹೇಳಿ.

ಅರ್ಜಿ ಗ್ರಾಮ ಆಡಳಿತ ಅಧಿಕಾರಿಯಿಂದ ಕಂದಾಯ ನಿರೀಕ್ಷಕರಿಗೆ, ಅಲ್ಲಿಂದ ತಹಶೀಲ್ದಾರ್ ಹಂತಕ್ಕೆ ಹೋಗುತ್ತದೆ. ಹಿಂದೆ ಪತ್ರ ಪಡೆದಿದ್ದು ದತ್ತಾಂಶದಲ್ಲಿ ಹೆಸರಿದ್ದರೆ ಕಾಯದೆ ಮುದ್ರಿಸಿ ಕೊಡುವ ಸೌಲಭ್ಯವೂ ಇದೆ, ಅದನ್ನೇ ಮೊದಲು ಕೇಳಿ. ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯೇ ಮುಖ್ಯ. ಪತ್ರ ಕಳೆದರೂ ಪರವಾಗಿಲ್ಲ, ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.

ತಡವಾದರೆ ಏನು ಮಾಡುವುದು? ಇದು ಸಕಾಲದ ಅಡಿಯ ಸೇವೆ, ಅಂದರೆ ಗೊತ್ತುಮಾಡಿದ ಗಡುವಿನೊಳಗೆ ಕೊಡಲೇಬೇಕಾದದ್ದು. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ಜಾರಿಯಲ್ಲಿದೆ. ರಸೀದಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಆ ರಸೀದಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಆ ಇಪ್ಪತ್ತು ರೂಪಾಯಿ ನಿಮಗೆ ದೊಡ್ಡದಲ್ಲದಿರಬಹುದು, ಆದರೆ ಅದು ತಡಮಾಡಿದ ಅಧಿಕಾರಿಯ ಸಂಬಳದಿಂದ ಹೋಗುವಂಥದ್ದು. ಮೇಲ್ಮನವಿಯ ಮಾತು ಎತ್ತಿದರೆ ಕಡತ ಅಲುಗಾಡುವುದು ಅದಕ್ಕೇ.

ಈಗ ಅರ್ಜಿ

ಹತ್ತನೇ ತರಗತಿಯ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಜಾಲತಾಣ. ಪರಿಶಿಷ್ಟರು, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಎಲ್ಲರಿಗೂ ಬಾಗಿಲು ಒಂದೇ. ಖಾತೆ ತೆರೆಯುವಾಗ ಸೈಬರ್ ಅಂಗಡಿಯವರು ಕೆಲಸ ಬೇಗ ಮುಗಿಯಲೆಂದು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುವುದುಂಟು. ಮುಂದಿನ ವರ್ಷ ಪಾಸ್‌ವರ್ಡ್ ಮರೆತಾಗ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಅಷ್ಟರಲ್ಲಿ ಅವರು ಸಿಮ್ ಬದಲಿಸಿರುತ್ತಾರೆ. ನಿಮ್ಮ ಸಂಖ್ಯೆಯನ್ನೇ ಹಾಕಿಸಿ, ಐಡಿ ಮತ್ತು ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ಆರ್‌ಡಿ ಸಂಖ್ಯೆಗಳು, ಕಾಲೇಜಿನ ನೋಂದಣಿ ಸಂಖ್ಯೆ, ಶುಲ್ಕದ ರಸೀದಿ ಕೈಯಲ್ಲಿರಲಿ. ರೈತರ ಮಕ್ಕಳಾದರೆ ತಂದೆ ಅಥವಾ ತಾಯಿಯ ಫ್ರೂಟ್ಸ್ ಸಂಖ್ಯೆಯನ್ನೂ (ರೈತರ ನೋಂದಣಿ ಸಂಖ್ಯೆ) ಇಟ್ಟುಕೊಳ್ಳಿ; ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಬಹುದು. ಕೆಲವು ದಾಖಲೆಗಳಿಗೆ ಕಾಲೇಜಿನವರ ಇ-ದೃಢೀಕರಣ ಬೇಕಾಗುತ್ತದೆ. ಕೊನೆಯ ವಾರದಲ್ಲಿ ಹೋದರೆ ಅಲ್ಲಿ ಸಾಲು, ಜಾಲತಾಣವೂ ಆಮೆಯ ನಡಿಗೆ. ಸಲ್ಲಿಸಿದ ಮೇಲೆ ಮುದ್ರಿತ ಪ್ರತಿಯನ್ನು ಕಾಲೇಜಿಗೆ ಕೊಡಬೇಕೇ ಎಂದು ಗುಮಾಸ್ತರನ್ನು ಕೇಳಿ, ತಿಂಗಳಿಗೊಮ್ಮೆ ಸ್ಥಿತಿ ನೋಡಿ.

ಹಾಸ್ಟೆಲ್‌ಗೆ ಅರ್ಜಿ ಬೇರೆಯೇ, ಅದು ರಾಜ್ಯ ಹಾಸ್ಟೆಲ್ ಜಾಲತಾಣದಲ್ಲಿ. ಸೀಟು ಸಿಗುವುದಿಲ್ಲ ಎಂದು ಗೊತ್ತಿದ್ದರೂ ಹಾಕಿ. ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಸಿಗದಿದ್ದಾಗ ಊಟ, ವಸತಿಗೆಂದು ವಿದ್ಯಾಸಿರಿ ನೆರವಿದೆ.

ಓದು ನಿಲ್ಲಿಸಿದವರಿಗೆ

ಪದವಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಕೆಲಸ ಸಿಗದಿದ್ದರೆ ಯುವನಿಧಿ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. 2022-23ರಿಂದ ಈಚೆಗೆ ತೇರ್ಗಡೆಯಾದವರಿಗಷ್ಟೇ. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ. ವಿಶ್ವವಿದ್ಯಾಲಯ ಪ್ರಮಾಣಪತ್ರವನ್ನು ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿಸದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ. ಡಿಜಿಲಾಕರ್‌ನಲ್ಲಿ ಪದವಿ ಕಾಣುತ್ತಿದೆಯೇ ಎಂದು ಮೊದಲು ನೋಡಿ. ‘ಇನ್ನೂ ನಿರುದ್ಯೋಗಿ’ ಎಂಬ ಸ್ವಯಂ ಘೋಷಣೆಯನ್ನು ಹೇಳಿದ ಅವಧಿಯಲ್ಲಿ ಕೊಡದಿದ್ದರೆ ಹಣ ನಿಲ್ಲುತ್ತದೆ. ಸ್ನಾತಕೋತ್ತರಕ್ಕೆ ಸೇರಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇದು ಇಲ್ಲ.

ಕಸುಬು ಕಲಿಯುವ ಮನಸ್ಸಿದ್ದರೆ ಯುವನಿಧಿಗಿಂತ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಈ ಮಾದರಿಯನ್ನೇ ನೋಡಿ ದೇಶದಾದ್ಯಂತ ಜಿಲ್ಲೆಗೊಂದರಂತೆ ಆರ್‌ಸೆಟಿ ಎಂಬ ತರಬೇತಿ ಕೇಂದ್ರಗಳು ಬಂದವು. ಮೊಬೈಲ್ ರಿಪೇರಿ, ಹೈನುಗಾರಿಕೆ, ಹೊಲಿಗೆ, ಮನೆ ವೈರಿಂಗ್ ಹೀಗೆ ಕೆಲವು ದಿನಗಳಿಂದ ಒಂದೂವರೆ ತಿಂಗಳವರೆಗಿನ ತರಬೇತಿ. ಊಟ, ವಸತಿ ಉಚಿತ. ವಯಸ್ಸು ಕನಿಷ್ಠ 18. ತರಬೇತಿಯ ವೇಳಾಪಟ್ಟಿಯನ್ನು ಮೊದಲೇ ಕೇಳಿ ಪಡೆಯಿರಿ, ಆಧಾರ್, ಪಡಿತರ ಚೀಟಿ, ಫೋಟೊ ಸಹಿತ ಅರ್ಜಿ ಕೊಟ್ಟು ಸಂದರ್ಶನಕ್ಕೆ ಹೋಗಿ. ‘ಸರ್ಟಿಫಿಕೇಟ್ ಸಿಕ್ಕರೆ ಸಾಕು’ ಎಂದರೆ ಆಯ್ಕೆ ಕಷ್ಟ. ಅಂಗಡಿ ಎಲ್ಲಿ ಹಾಕುತ್ತೀರಿ, ಗಿರಾಕಿ ಯಾರು ಎಂದು ಕೇಳುತ್ತಾರೆ, ಉತ್ತರ ಇಟ್ಟುಕೊಂಡು ಹೋಗಿ. ತರಬೇತಿಯ ನಂತರವೂ ಎರಡು ವರ್ಷ ಅವರು ವಿಚಾರಿಸುತ್ತಿರುತ್ತಾರೆ. ಬ್ಯಾಂಕ್ ಸಾಲದ ಅರ್ಜಿ ಹಾಕುವಾಗ ಆ ಸಂಪರ್ಕ ಬಳಸಿಕೊಳ್ಳಿ.

ಪಂಚಾಯಿತಿಯಲ್ಲೇ ಸಿಗುವುದು

ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಪತ್ರಿಕೆ, ಪರೀಕ್ಷೆಯ ಪುಸ್ತಕ, ಹಲವು ಕಡೆ ಕಂಪ್ಯೂಟರೂ ಇದೆ. ಅರ್ಜಿಯ ಸ್ಥಿತಿ ನೋಡಲು ಸೈಬರ್ ಅಂಗಡಿಗೆ ದುಡ್ಡು ಕೊಡುವ ಮೊದಲು ಅಲ್ಲಿ ಕೇಳಿ. ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟು ಅಂಗವಿಕಲರಿಗೆ ಮೀಸಲು, ಪರಿಶಿಷ್ಟರಿಗೂ ಪ್ರತ್ಯೇಕ ಪಾಲಿದೆ. ಆದರೆ ಯಾರೂ ಕೇಳದಿದ್ದರೆ ಆ ಹಣ ಬೇರೆ ದಾರಿ ಹಿಡಿಯುತ್ತದೆ. ಏನು ಬೇಕು ಎಂಬುದನ್ನು ಬಿಳಿ ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ, ಒಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಅದೇ ಪ್ರತಿಯನ್ನು ಎತ್ತಿಹಿಡಿದು ಓದಿ, ನಡಾವಳಿಯಲ್ಲಿ ಬರೆಯಿಸಿ. ಅಲ್ಲೂ ಆಗದಿದ್ದರೆ ರಾಜ್ಯ ಸರ್ಕಾರದ ಸಹಾಯವಾಣಿ 1902ಕ್ಕೆ ಕರೆಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಆ ಕ್ಯಾಲೆಂಡರಿನ ಹಿಂದೆಯೇ ಬರೆದುಕೊಳ್ಳಿ.